ರಾಮಾಚಾರಿ, ಓಬವ್ವ ಮತ್ತು ನಮ್ಮ ಡ್ರಾಯಿಂಗ್ ಕ್ಲಾಸು

ನಮ್ಮೂರು ಮಾರಿಕಣಿವೆ ಹತ್ತಿರ ಅಂದ್ರೆ ಬೆಂಗಳೂರಲ್ಲಿ ಅರ್ಧ ಜನಕ್ಕೆ ಗೊತ್ತಾಗಲ್ಲ. ವಾಣಿ ವಿಲಾಸ ಸಾಗರ ಅಂದ್ರೆ ಇನ್ನೊಂದಿಷ್ಟು ಜನಕ್ಕೆ ಗೊತ್ತಾಗುತ್ತೆ. ಹಿರಿಯೂರು ಅಂದ್ರೆ "ಓ, ಹೈವೇಲಿ ಬಸ್ಸು ಊಟಕ್ಕೆ ನಿಲ್ಲಿಸ್ತಾರಲ್ಲ" ಅಂತಾರೆ. ಕೊನೆಗೆ ಸೋತು ಚಿತ್ರದುರ್ಗ ಜಿಲ್ಲೆ ಅಂದ ತಕ್ಷಣ ಮುಖ ಅರಳುತ್ತೆ ನೋಡಿ. "ಓಹೋ, ನಾಗರಹಾವು! ರಾಮಾಚಾರಿ ಊರು!"

ಹೌದು ಸ್ವಾಮಿ, ರಾಮಾಚಾರಿ ಊರೇ. ಸಿನಿಮಾ ಬಂದಿದ್ದು 1972ರ ಡಿಸೆಂಬರಿನಲ್ಲಿ. ಅರ್ಧ ಶತಮಾನ ದಾಟಿದರೂ ನಮ್ಮ ಕಡೆ ಯಾವ ಹುಡುಗ ಸ್ವಲ್ಪ ತಲೆಹರಟೆ ಮಾಡಿದರೂ "ದೊಡ್ಡ ರಾಮಾಚಾರಿ ಆಗ್ಬಿಟ್ಟಿದಾನೆ" ಅನ್ನೋ ಮಾತು ತಪ್ಪಲ್ಲ. ಅದರ ಬಗ್ಗೆ ಬಹಳ ದಿನಗಳಿಂದ ಬರೀಬೇಕು ಅಂದುಕೊಂಡಿದ್ದೆ, ಈಗ ಕಾಲ ಕೂಡಿಬಂತು.

ಮೊದಲು ನನ್ನ ಕೆಲಸದ ವಿಷಯ ಹೇಳಿಬಿಡ್ತೀನಿ. ನಾನು ಚಿತ್ರ ಬರೆದು ಹೊಟ್ಟೆ ಹೊರೆಯೋಳು. ಮಕ್ಕಳ ಪುಸ್ತಕಕ್ಕೆ, ಪತ್ರಿಕೆಗಳ ಕಥೆಗಳಿಗೆ, ಒಮ್ಮೊಮ್ಮೆ ಜಾಹೀರಾತಿಗೂ. ಈ ಕೆಲಸದಲ್ಲಿ "ಒಬ್ಬ ಟೀನೇಜ್ ಹುಡುಗ ಬೇಕು ಮೇಡಂ" ಅಂತ ಫೋನ್ ಬಂದರೆ ಏನು ಬೇಕು ಅಂತ ಕೇಳೋ ಹಾಗೇ ಇಲ್ಲ. ಕಿವಿಗೆ ಇಯರ್ ಫೋನು, ಕೆದರಿದ ಕೂದಲು, ಗಂಟು ಹಾಕಿದ ಹುಬ್ಬು, ಕೈಯಲ್ಲಿ ಮೊಬೈಲು. ಹಿಂದೆ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಳ್ಳೋ ಅಪ್ಪ. ಹುಡುಗಿ ಬೇಕು ಅಂದರೆ ಎರಡು ಜಡೆ, ಎದೆಗೆ ಒತ್ತಿ ಹಿಡಿದ ಪುಸ್ತಕ, ತಗ್ಗಿಸಿದ ಕಣ್ಣು. ಇದನ್ನ ಬಿಟ್ಟು ಬೇರೆ ಬರೆದು ಕಳಿಸಿದ್ರೆ "ಟೀನೇಜ್ ಫೀಲ್ ಬರ್ತಿಲ್ಲ" ಅಂತ ವಾಪಸ್ ಬರುತ್ತೆ. (ಹದಿನೈದು ವರ್ಷದ ನನ್ನ ಅಕ್ಕನ ಮಗನನ್ನೇ ಎದುರು ಕೂರಿಸಿಕೊಂಡು ಬರೆದದ್ದೂ ಹಾಗೇ ವಾಪಸ್ ಬಂದಿತ್ತು!)

ಇದು ಬರೀ ಈಗಿನ ಕಥೆ ಅಲ್ಲ. ನಮ್ಮ ಮನೆ ಗೋಡೆಯ ಕ್ಯಾಲೆಂಡರ್ ಕೃಷ್ಣನ್ನೇ ತಗೊಳ್ಳಿ. ಬೆಣ್ಣೆ ಮೆತ್ತಿಕೊಂಡ ಅಂಬೆಗಾಲು ಕೃಷ್ಣ ಇದಾನೆ. ಅದಾದ ಮೇಲೆ ನೇರವಾಗಿ ಕೊಳಲೂದುವ ಕೃಷ್ಣ, ಪಕ್ಕದಲ್ಲಿ ರಾಧೆ. ಮಧ್ಯದ ಐದಾರು ವರ್ಷ ಎಲ್ಲಿ ಹೋಯ್ತು? ಗಂಟಲು ಒಡೆದ, ಮೊಡವೆ ಎದ್ದ, ಕೈಕಾಲು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗದೆ ನಿಂತ ಕೃಷ್ಣನ ಕ್ಯಾಲೆಂಡರ್ ನಾನಂತೂ ನೋಡಿಲ್ಲ.

ಸಿನಿಮಾದವರೂ ಅಷ್ಟೆ. ನಾಗರಹಾವು ಮಾಡುವಾಗ ವಿಷ್ಣುವರ್ಧನ್ ಅವರಿಗೆ 22 ವರ್ಷ. ಅದೇನೋ ಪರವಾಗಿಲ್ಲ, ಕಾಲೇಜು ಹುಡುಗನ ಪಾತ್ರ. ಆಮೇಲಾಮೇಲೆ ಮೂವತ್ತು ದಾಟಿದ ಗಡ್ಡದ ನಾಯಕರೇ ಕಾಲೇಜು ಮೆಟ್ಟಿಲು ಹತ್ತೋದು ಮಾಮೂಲಾಯ್ತು. ಹುಡುಗನನ್ನ ಹುಡುಗನ ಹಾಗೇ ತೋರಿಸಿದ್ದು ಅಂದ್ರೆ ನನಗೆ ತಕ್ಷಣ ನೆನಪಾಗೋದು 2016ರಲ್ಲಿ ತೆರೆಗೆ ಬಂದ 'ತಿಥಿ'ಯ ಅಭಿ. ಮಂಡ್ಯ ಕಡೆಯ ಊರಿನ ಹುಡುಗ, ಕುರಿ ಕಾಯೋ ಹುಡುಗಿ ಹಿಂದೆ ಬಿದ್ದು ಮನೆಯವರು ಹೇಳಿದ ಕೆಲಸ ಮರೀತಾನೆ. ನಟನೇ ಅಲ್ಲದ ಹುಡುಗನನ್ನ ಹಾಕಿಕೊಂಡಿದ್ದಕ್ಕೋ ಏನೋ, ಅವನ ನಡಿಗೆಯಲ್ಲೇ ಆ ವಯಸ್ಸಿತ್ತು.

ಮತ್ತೆ ರಾಮಾಚಾರಿಗೆ ಬರ್ತೀನಿ. ಮೂಲ ಕಥೆ ತ.ರಾ.ಸು. ಅವರದು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನೋ ಮೂರು ಕಾದಂಬರಿಗಳನ್ನ ಸೇರಿಸಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಸಿನಿಮಾ ನೋಡಿದ ತ.ರಾ.ಸು. "ನನ್ನ ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟ" ಅಂದಿದ್ದರಂತೆ ಅನ್ನೋ ಮಾತು ನಮ್ಮ ಕಡೆ ಈಗಲೂ ಓಡಾಡುತ್ತೆ. ಜನಕ್ಕೆ ಮಾತ್ರ ಹೆಡೆ ಎತ್ತಿದ ಹಾವೇ ಕಂಡಿದ್ದು. ದುರ್ಗದ ಬಂಡೆಗಳು, ಬಂಡೆ ಮೇಲೆ ಸಿಟ್ಟಿನಿಂದ ಉರೀತಿರೋ ಹುಡುಗ, ಪ್ರಿನ್ಸಿಪಾಲರನ್ನ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿಹಾಕೋದು... ಪೋಸ್ಟರಿಗೆ ಅಷ್ಟು ಸಾಕಲ್ಲ. ಮುಂದೆ ಕನ್ನಡದಲ್ಲಿ ಎಷ್ಟು ಸಿಡುಕು ಹುಡುಗರು ಬಂದರೋ ಎಲ್ಲರಿಗೂ ಇವನೇ ಅಚ್ಚು. 2014ರಲ್ಲಿ ಯಶ್ ನಟಿಸಿದ ಸಿನಿಮಾಕ್ಕೆ ರಾಮಾಚಾರಿ ಅನ್ನೋ ಹೆಸರೇ ಬಂತು.

ಆದರೆ ಒಂದ್ಸಲ ತಣ್ಣಗೆ ಕೂತು ಆ ಸಿನಿಮಾ ನೋಡಿ. ರಾಮಾಚಾರಿ ನಿಜವಾಗಿ ಯಾರಿಗೆ ತಿರುಗಿ ಬೀಳ್ತಾನೆ? ಚಾಮಯ್ಯ ಮೇಷ್ಟ್ರು ಒಂದು ಮಾತು ಹೇಳಿದ್ದಕ್ಕೆ ಪ್ರಾಣದ ಹಾಗಿದ್ದ ಅಲಮೇಲುವನ್ನ ಬಿಟ್ಟುಕೊಡ್ತಾನೆ. ವಾದ ಮಾಡ್ತಾನೆ, ಅಳ್ತಾನೆ, ಬಂಡೆಗೆ ಕೈ ಗುದ್ದೋಷ್ಟು ಸಂಕಟ ಪಡ್ತಾನೆ, ಆದರೆ ಮಾತು ಮೀರಲ್ಲ. ಕನ್ನಡ ಸಿನಿಮಾದ ಅತಿ ದೊಡ್ಡ ಪುಂಡ ಅಂತ ನಾವು ಯಾರನ್ನ ಅಂದ್ಕೊಂಡಿದೀವೋ ಅವನು ಮೇಷ್ಟ್ರ ಮಾತು ಕೇಳಿ ಹಾಳಾದ ಹುಡುಗ! ಪುಟ್ಟಣ್ಣ ಇದನ್ನ ಬೇಕಂತಲೇ ಇಟ್ಟಿದ್ದಾರೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಶ್ವಥ್ ಅವರ ಆ ಮೃದು ಮುಖ ನೋಡ್ತಾ ನೋಡ್ತಾ ನಮಗೂ ಹುಡುಗ ಒಪ್ಪಿಕೊಳ್ಳಲಿ ಅನ್ನಿಸಿಬಿಡುತ್ತೆ, ಅಲ್ಲೇ ಇರೋದು ಅವರ ಪೆಟ್ಟು. ಆದರೆ ವಿಧೇಯ ರಾಮಾಚಾರಿ ಪೋಸ್ಟರಿಗೆ ಬರಲಿಲ್ಲ.

ಹುಡುಗಿಯರಿಗೆ? ನಮಗೆ ಅಲ್ಲಿ ಎರಡೇ ಜಾಗ ಇದ್ದಿದ್ದು. ಅಳೋ ಅಲಮೇಲು, ಇಲ್ಲ ಬಜಾರಿ ಮಾರ್ಗರೆಟ್. ಮೂರನೆಯದು ಓಬವ್ವ. ಜಯಂತಿಯವರು ಓಬವ್ವನಾಗಿ ಬರೋ ಆ ಹಾಡಿನಿಂದ ನಮ್ಮ ಜಿಲ್ಲೆಯ ಹುಡುಗಿಯರಿಗೆ ಛದ್ಮವೇಷದ ಚಿಂತೆ ತಪ್ಪಿತು ಅಂತಲೇ ಹೇಳಬೇಕು. ಅಮ್ಮನ ಸೀರೆ ಕಚ್ಚೆ ಹಾಕಿ ಉಡಿಸೋದು, ರಟ್ಟಿನ ಒನಕೆಗೆ ಕಂದು ಬಣ್ಣ ಬಳಿಯೋದು, ಮುಗೀತು. ಒಂದು ವರ್ಷ ನಮ್ಮ ಶಾಲೆಯಲ್ಲಿ ಐದು ಜನ ಓಬವ್ವಂದಿರು, ಹೊಡೆಸಿಕೊಳ್ಳೋಕೆ ಹೈದರಾಲಿ ಕಡೆಯ ಸಿಪಾಯಿ ಒಬ್ಬನೂ ಇಲ್ಲ :-) ನಾನೂ ಆ ಐವರಲ್ಲಿ ಒಬ್ಬಳು. ಎದೆಯುಬ್ಬಿಸಿಕೊಂಡು ನಿಂತ ಫೋಟೋ ಇನ್ನೂ ಇದೆ. ಓಬವ್ವ ಅಂದ್ರೆ ಕಾವಲುಗಾರನ ಹೆಂಡತಿ, ಗಂಡನಿಗೆ ಕುಡಿಯೋ ನೀರು ತರೋಕೆ ಹೋದಾಗ ಕಿಂಡಿಯಲ್ಲಿ ಶತ್ರು ಕಂಡ ಗೃಹಿಣಿ. ಅಂದ್ರೆ ಹನ್ನೆರಡು ವರ್ಷದ ನಾವೂ ವೇಷದಲ್ಲಿ ನೇರವಾಗಿ ಹೆಂಡತಿಯರೇ. ಕೃಷ್ಣನ ಕ್ಯಾಲೆಂಡರಿನ ಲೆಕ್ಕವೇ ಇಲ್ಲೂ.

ಹದಿಹರೆಯ ಅಂದ್ರೆ ಬಿರುಗಾಳಿ ಅಂತ ಹಾಕಿಕೊಟ್ಟಿದ್ದು ಅಮೆರಿಕದ ಸ್ಟ್ಯಾನ್ಲಿ ಹಾಲ್ ಅನ್ನೋ ಮನಶ್ಶಾಸ್ತ್ರಜ್ಞ, 1904ರಲ್ಲಿ ಎರಡು ಸಂಪುಟದ ಭಾರೀ ಪುಸ್ತಕ ಬರೆದು. ಆಮೇಲೆ ಬಂದವರು ಅದನ್ನ ಎಷ್ಟು ತಿದ್ದಿದರೂ ಬಿರುಗಾಳಿ ಮಾತ್ರ ಉಳಕೊಂಡಿತು. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ ನಾರ್ವೆಯ ಎಡ್ವರ್ಡ್ ಮುಂಕ್ ಬೇರೆ ಥರ ಬರೆದಿದ್ದ. ಮಂಚದ ಅಂಚಲ್ಲಿ ಮೈ ಮುದುಡಿ ಕೂತ ಹುಡುಗಿ, ಕೈಗಳಿಂದ ತನ್ನನ್ನೇ ಮುಚ್ಚಿಕೊಂಡು ನೇರ ನಮ್ಮನ್ನೇ ನೋಡ್ತಾಳೆ, ಹಿಂದೆ ಗೋಡೆ ಮೇಲೆ ಅವಳಿಗಿಂತ ದೊಡ್ಡ ಕಪ್ಪು ನೆರಳು. ಚಿತ್ರದ ಹೆಸರೇ ಪ್ರಾಯ ಬರೋದು ಅಂತ. ಅಲ್ಲಿ ಗಾಳಿ ಇಲ್ಲ, ಗುಡುಗಿಲ್ಲ, ಬರೀ ಭಯ. ಮೈಮೇಲೆ ಬಟ್ಟೆ ಇಲ್ಲದ ಚಿತ್ರ, ಹಳ್ಳಿ ಶಾಲೆಗೆ ಒಯ್ಯೋ ಹಾಗಿಲ್ಲ. ಒಯ್ಯಲೂ ಇಲ್ಲ.

ಶಾಲೆ ಯಾವುದು ಅಂದ್ರಾ? ಹೇಳ್ತೀನಿ. ಚಿಕ್ಕಪ್ಪನ ಮಗ, ನನಗೆ ಅಣ್ಣ, ಹಿರಿಯೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. (ಊರಿನ ಹೆಸರು ಬೇಡ.) ಡ್ರಾಯಿಂಗ್ ಮೇಷ್ಟ್ರು ಇರೋ ಹೈಸ್ಕೂಲೇ ಅಪರೂಪ. ಇದ್ದರೂ ಅವರ ಪೀರಿಯಡ್ಡನ್ನ ಗಣಿತದವರು ಕಿತ್ಕೊಳ್ಳೋದು ರೂಢಿ. 2022ರ ದಸರಾ ರಜದಲ್ಲಿ "ಬಾರೇ, ಎರಡು ದಿನ ಮಕ್ಕಳಿಗೆ ಏನಾದ್ರೂ ಹೇಳ್ಕೊಡು, ನನ್ನ ಹೂಕುಂಡ ಬರೆದು ಬರೆದು ಅವರಿಗೂ ಸಾಕಾಗೈತೆ" ಅಂದ. ಅದೇ ಸೆಪ್ಟೆಂಬರಿನಲ್ಲಿ ಮಾರಿಕಣಿವೆ 89 ವರ್ಷದ ನಂತರ ಕೋಡಿ ಬಿದ್ದಿತ್ತು. 1907ರಲ್ಲಿ ಮುಗಿದ ಕಟ್ಟೆ, 1933ರಲ್ಲಿ ಒಂದ್ಸಲ ಕೋಡಿ ಹರಿದದ್ದು ಬಿಟ್ರೆ ಆಮೇಲೆ ಹರಿದಿರಲೇ ಇಲ್ಲ. ಊರಿಗೂರೇ ಕಣಿವೆ ಮಾರಮ್ಮನಿಗೆ ಕೈಮುಗಿದು ನೀರು ನೋಡೋಕೆ ನಿಂತಿತ್ತು. ಮಕ್ಕಳೂ ಅದೇ ಗುಂಗಲ್ಲಿದ್ರು.

ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮೂವತ್ತು ಮಕ್ಕಳು. ಮೊದಲ ದಿನ "ನಿಮ್ಮನ್ನ ನೀವೇ ಬರೀರಿ" ಅಂದೆ, ಅಷ್ಟೆ. ಗಂಡು ಹುಡುಗರ ಕಡೆಯಿಂದ ಬಂದಿದ್ದು ಹನ್ನೊಂದು ಬೈಕು, ಆರೇಳು ರಾಕಿ ಭಾಯ್. ಮೀಸೆ ಚಿಗುರದವರೆಲ್ಲ ಎದೆಮಟ್ಟ ಗಡ್ಡ ಬಿಟ್ಟಿದ್ರು. ಆ ವರ್ಷ ಏಪ್ರಿಲ್ಲಿನಲ್ಲಿ ಕೆಜಿಎಫ್ ಎರಡನೇ ಭಾಗ ಬಂದಿತ್ತಲ್ಲ. ಹುಡುಗಿಯರ ಕಡೆಯಿಂದ ಸೀನರಿ. ಎರಡು ಗುಡ್ಡ, ಮಧ್ಯೆ ಸೂರ್ಯ, ತೆಂಗಿನ ಮರ, ಹೊಳೆ, ಮನೆ. ಮನುಷ್ಯರೇ ಇಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬಳ ಹಾಳೆಯಲ್ಲಿ ಮನೆ ಎರಡಿತ್ತು. ಒಂದು ದೊಡ್ಡದು. ದೂರದಲ್ಲಿ, ಬೇಲಿ ಆಚೆ ಜಾಲಿ ಮರದ ಹತ್ತಿರ ಇನ್ನೊಂದು, ಬೆಂಕಿಪೊಟ್ಟಣದಷ್ಟು.

"ನಿನ್ನನ್ನ ಬರೀ ಅಂದಿದ್ದೆ ಅಲ್ವೇನಮ್ಮ, ನೀನೆಲ್ಲಿ?" ಅಂತ ಕೇಳಿದೆ.

"ಒಳಗೈದೀನಿ ಮಿಸ್."

"ಯಾವುದರ ಒಳಗೆ?"

ಮಾತಾಡಲಿಲ್ಲ. ಪೆನ್ಸಿಲ್ ತುದಿಯಿಂದ ಚಿಕ್ಕದನ್ನ ಮುಟ್ಟಿದಳು. ಪಕ್ಕದ ಹುಡುಗಿಯರು ತಲೆ ತಗ್ಗಿಸಿದರು.

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯಿಂದ ಹೊರಗೆ ಇರೋ ಪದ್ಧತಿ ಎಷ್ಟೋ ಕಡೆ ಇನ್ನೂ ನಿಂತಿಲ್ಲ. ಗುಡಿಸಲೋ, ಮರದ ಬುಡವೋ. ಕೆಲವು ಕಡೆ ಸರ್ಕಾರದವರೇ ಅದಕ್ಕಂತ ಕಟ್ಟಡ ಕಟ್ಟಿಸಿಕೊಟ್ಟಿದ್ದಾರೆ, ಅಂದ್ರೆ ಹೊರಗಿರೋದು ತಪ್ಪಲಿಲ್ಲ, ಸೂರು ಸಿಕ್ಕಿತು. ಹಟ್ಟಿಯವರನ್ನ ಮಾತ್ರ ಬೊಟ್ಟು ಮಾಡಿ ತೋರಿಸೋದೂ ಸುಲಭ, ನಮ್ಮ ಪೇಟೆ ಮನೆಗಳಲ್ಲಿ ಮೂಲೆ ಚಾಪೆ, ಬೇರೆ ಲೋಟ ಎಲ್ಲ ನೋಡ್ಕೊಂಡೇ ಬೆಳೆದೋಳು ನಾನೂ.

ಆ ಪುಟ್ಟ ಮನೆಗೆ ಒಂದು ಕಿಟಕಿ ಇತ್ತು. ಉಳಿದದ್ದೆಲ್ಲ ಕೈಗೆ ಬಂದ ಹಾಗೆ ಗೀಚಿದ್ದಳು, ಕಿಟಕಿ ಮಾತ್ರ ಸ್ಕೇಲ್ ಇಟ್ಟು ಎಳೆದಿದ್ದಳು. ಚೆನ್ನಾಗಿದೆ ಕಿಟಕಿ ಅಂದೆ. "ಅಲ್ಲಿ ಕಿಟಕಿ ಇಲ್ಲ ಮಿಸ್. ನಾನೇ ಇಕ್ಕಿದ್ದು" ಅಂದಳು.

ಎರಡನೇ ದಿನ ಅಮೃತಾ ಶೇರ್ಗಿಲ್ ಅವರ 'ಮೂವರು ಹುಡುಗಿಯರು' ಚಿತ್ರದ ದೊಡ್ಡ ಪ್ರಿಂಟು ಒಯ್ದಿದ್ದೆ. 1935ರದು, ಬರೆದಾಗ ಅವರಿಗೂ 22. (ರಾಮಾಚಾರಿ ವಯಸ್ಸೇ, ನೋಡಿ.) ಬಣ್ಣಬಣ್ಣದ ಬಟ್ಟೆ ಹಾಕಿಕೊಂಡ ಮೂವರು ಒತ್ತಾಗಿ ಕೂತಿದ್ದಾರೆ. ಯಾರೂ ಯಾರನ್ನೂ ನೋಡ್ತಿಲ್ಲ. ನಮ್ಮನ್ನೂ ನೋಡ್ತಿಲ್ಲ. ಅಷ್ಟೇ ಚಿತ್ರ. ಕಲೆ ಬಗ್ಗೆ ಬರೆಯೋರು ಇದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಏನು ನಡೀತಿದೆ ಇಲ್ಲಿ ಅಂತ ಕೇಳಿದ್ದಕ್ಕೆ ಹಿಂದಿನ ಬೆಂಚಿಂದ ಒಬ್ಬಳು "ನೋಡಾಕೆ ಬಂದವ್ರೆ ಮಿಸ್, ಹೊರಗೆ ಗಂಡಿನ ಕಡೆಯೋರು ಕೂತವ್ರೆ" ಅಂದಳು. ಇನ್ನೊಬ್ಬಳು "ಮೂರೂ ಜನನ್ನೂ ತೋರಿಸ್ತಾವ್ರೆ, ಯಾರು ಒಪ್ಪಿಗೆ ಆಗ್ತಾರೋ" ಅಂತ ಸೇರಿಸಿದಳು. ಕ್ಲಾಸೆಲ್ಲ ನಕ್ಕಿತು. ಹತ್ತನೇ ಕ್ಲಾಸಿನವರು ಇಬ್ಬರು ನಗಲಿಲ್ಲ. ಯಾಕೆ ಅಂತ ಅಣ್ಣ ಆಮೇಲೆ ಹೇಳಿದ, ಅವರಿಬ್ಬರ ಮನೆಯಲ್ಲೂ ಆಗಲೇ ಮಾತು ನಡೀತಿತ್ತಂತೆ.

ಆಮೇಲೆ "ಮುಖ ಬರೀಬೇಡಿ. ನಿನ್ನೆ ರಾತ್ರಿ ಊಟ ಆದ್ಮೇಲೆ ನೀವು ಎಲ್ಲಿದ್ರಿ, ಅದನ್ನ ಬರೀರಿ" ಅಂದೆ. ಬೈಕು ಮಾಯ ಆದವು, ಸೀನರಿಯೂ ಮಾಯ. ಒಬ್ಬ ಅಪ್ಪ ಕುಡಿದು ಬಂದಾಗ ತಾನು ಕೂರೋ ಅಟ್ಟ ಬರೆದ. ಒಬ್ಬಳು ಪಾತ್ರೆ ತೊಳೆಯೋ ಕಲ್ಲು, ಮೇಲೆ ಚಂದ್ರ. ಇಬ್ಬರು ಅಣ್ಣ ತಮ್ಮ ಒಂದೇ ಮೊಬೈಲಿನ ಬೆಳಕಲ್ಲಿ ಅಕ್ಕಪಕ್ಕ.

ಇನ್ನೊಬ್ಬ ಇಡೀ ಹಾಳೆಯನ್ನ ಕಪ್ಪು ಕ್ರೆಯಾನಿನಿಂದ ತುಂಬಿಸ್ತಾ ಕೂತಿದ್ದ. ಹತ್ತನೇ ಕ್ಲಾಸು, ಉದ್ದಕ್ಕೆ ಬೆಳೆದ ಹುಡುಗ, ಪ್ಯಾಂಟು ಗೇಣುದ್ದ ಮೇಲೆ. ಟೀಚರ್ಸ್ ರೂಮಿನಲ್ಲಿ ಅವನ ಹೆಸರು ರಾಮಾಚಾರಿ! ಮೊದಲನೇ ಪೀರಿಯಡ್ಡಲ್ಲೇ ನಿದ್ದೆ ಮಾಡ್ತಾನೆ, ಎಬ್ಬಿಸಿದ್ರೆ ಗುರಾಯಿಸ್ತಾನೆ, ಹೋಂವರ್ಕ್ ಇಲ್ಲ, ರಾತ್ರಿಯೆಲ್ಲ ಮೊಬೈಲು. ಹಿಂದಿನ ತಿಂಗಳು ಒಬ್ಬ ಮೇಷ್ಟ್ರು ಕೊಡೆಯಿಂದ ತಿವಿದು ಎಬ್ಬಿಸಿದಾಗ ಕೊಡೆ ಕಿತ್ಕೊಂಡು ಹೊರಗೆ ಎಸೆದಿದ್ದನಂತೆ. ಟಿ.ಸಿ. ಕೊಟ್ಟು ಕಳಿಸೋಣ ಅನ್ನೋ ಮಾತು ಹೆಡ್ಮಾಸ್ಟರ ತನಕ ಹೋಗಿತ್ತು. ಹತ್ತನೇ ಕ್ಲಾಸಿನ ನಡುವೆ ಟಿ.ಸಿ. ಅಂದ್ರೆ ಓದು ಮುಗೀತು ಅಂತಲೇ ಅರ್ಥ.

ಕಪ್ಪು ಹಾಳೆಯ ಒಂದು ಮೂಲೆಯಲ್ಲಿ ಕಾಸಿನಗಲ ಹಳದಿ, ಟಾರ್ಚಿನ ಬೆಳಕು. ಆ ಬೆಳಕಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆ ಮೇಲೆ ಮೂರು ಚುಕ್ಕೆ, ಕೆಂಪು, ಹಳದಿ, ಮೂರನೆಯದಕ್ಕೆ ಬಣ್ಣವೇ ಇಲ್ಲ.

ಏನಪ್ಪ ಇದು ಅಂತ ನಾನು ಕೇಳೋದಕ್ಕೆ ಮುಂಚೆ ಹುಡುಗರೇ ಕೂಗಿದರು, "ಸ್ಟಾರ್ಟರ್ ಪೆಟ್ಟಿಗೆ ಮಿಸ್!" ಬೋರ್‌ವೆಲ್ ಇರೋರಿಗೆಲ್ಲ ಗೊತ್ತಿರೋ ವಿಷಯ. ತ್ರೀ ಫೇಸ್ ಕರೆಂಟು ಕೊಡೋದು ಪಾಳಿ ಮೇಲೆ, ಒಂದು ವಾರ ಹಗಲಾದ್ರೆ ಇನ್ನೊಂದು ವಾರ ಸರಿರಾತ್ರಿ. ಮೂರು ಲೈಟೂ ಹತ್ತಿದ ಮೇಲೆ ಮೋಟ್ರು ಆನ್ ಮಾಡಬೇಕು, ಎರಡೇ ಹತ್ತಿದಾಗ ಮಾಡಿದ್ರೆ ಕಾಯಿಲ್ ಸುಟ್ಟು ಹೋಗುತ್ತೆ. ಅವನ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರ್ಕೊಂಡು ಒಂದು ವರ್ಷ ಆಗಿತ್ತು. ಅಂದಿನಿಂದ ರಾತ್ರಿ ಪಾಳಿ ಇವನದು. ಒಂದು ಗಂಟೆಗೆ ಹೋಗಿ, ಮೂರನೇ ಲೈಟು ಹತ್ತೋ ತನಕ ಪೆಟ್ಟಿಗೆ ಎದುರು ಕೂತು, ಅಡಿಕೆ ಸಸಿಗೆ ನೀರು ತಿರುಗಿಸಿ, ಐದಕ್ಕೆ ವಾಪಸ್. ಆ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕಂತೆ, ಅವರ ಮೈಯ ಗಡಿಯಾರವೂ ದೊಡ್ಡವರದಕ್ಕಿಂತ ತಡವಾಗಿ ಓಡುತ್ತಂತೆ. ಒಂಬತ್ತೂವರೆಗೆ ಇಂಗ್ಲಿಷ್ ಗ್ರಾಮರ್ ಶುರುವಾದ್ರೆ ಯಾರು ತಾನೇ ಎದ್ದಿರ್ತಾರೆ ಹೇಳಿ?

ಇಡೀ ಶಾಲೆಯಲ್ಲಿ ಅತಿ ಹೆಚ್ಚು ಹೇಳಿದ ಮಾತು ಕೇಳ್ತಿದ್ದವನು ಪುಂಡ ಅನ್ನಿಸಿಕೊಂಡಿದ್ದ. ಎರಡು ಜಡೆ, ತಗ್ಗಿಸಿದ ಕಣ್ಣು, 'ಬಹಳ ಒಳ್ಳೇ ಹುಡುಗಿ' ಅನ್ನಿಸಿಕೊಂಡವಳು ಇಲ್ಲದ ಗೋಡೆಗೆ ಕಿಟಕಿ ಕೊರೆದು ಕೂತಿದ್ದಳು. ನಾನು ಇಷ್ಟು ವರ್ಷ ದುಡ್ಡು ತಗೊಂಡು ಬರೆದುಕೊಟ್ಟ ಹುಡುಗ ಹುಡುಗಿಯರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ.

ಎರಡನೇ ದಿನ ಸಂಜೆ ಚಿತ್ರಗಳನ್ನೆಲ್ಲ ವರಾಂಡದಲ್ಲಿ ದಾರ ಕಟ್ಟಿ ನೇತುಹಾಕಿದೆವು. ಹೆಡ್ಮಾಸ್ಟರು ಕಪ್ಪು ಹಾಳೆ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ಅವರದೂ ಹೊಸದುರ್ಗದ ಕಡೆ ತೋಟ ಇದೆ. ಏನೂ ಅನ್ನಲಿಲ್ಲ. ಟಿ.ಸಿ. ವಿಷಯ ಮತ್ತೆ ಎತ್ತಲಿಲ್ಲ ಅಂತ ಅಣ್ಣ ಹೇಳಿದ, ರಾತ್ರಿ ಪಾಳಿಯ ವಾರದಲ್ಲಿ ಹುಡುಗ ಹತ್ತೂವರೆಗೆ ಬಂದರೂ ಹಾಜರಿ ಹಾಕೋ ವ್ಯವಸ್ಥೆಯೂ ಆಯ್ತಂತೆ. ನಿಯಮದಲ್ಲಿ ಅದಕ್ಕೆಲ್ಲಿ ಜಾಗ ಇದೆಯೋ ನಾನು ಕೇಳೋಕೆ ಹೋಗಲಿಲ್ಲ.

ಎರಡು ಮನೆಯ ಚಿತ್ರ ಒಂದು ಗಂಟೆ ಕೂಡ ನೇತಾಡಲಿಲ್ಲ. ಹುಡುಗಿಯ ಅಮ್ಮ ಕೂಲಿಯಿಂದ ಹಾಗೇ ಬಂದಿದ್ದರು. ಒಂದು ನಿಮಿಷ ನೋಡಿ "ಇದನ್ನ ತೆಗೀರಮ್ಮ, ಊರೋರು ನೋಡ್ತಾರೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತೆಗೆದು ಕೊಟ್ಟೆ. ಹರಿದು ಹಾಕ್ತಾರೇನೋ ಅಂತ ನೋಡ್ತಿದ್ದೆ. ನಾಲ್ಕು ಮಡಿಕೆ ಮಾಡಿ, ಊಟದ ಡಬ್ಬಿಯಿದ್ದ ಚೀಲದಲ್ಲಿ ಡಬ್ಬಿ ಕೆಳಗೆ ಇಟ್ಟುಕೊಂಡರು. ಮಗಳು ಈಗ ಹಿರಿಯೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದ್ತಿದಾಳೆ. ಹತ್ತನೇ ಕ್ಲಾಸಿನ ಆ ಇಬ್ಬರಲ್ಲಿ ಒಬ್ಬಳಿಗೆ ಮದುವೆ ಆಗಿಹೋಯ್ತು, ಹದಿನೆಂಟು ತುಂಬಿದ ತಿಂಗಳೇ.

2025ರ ಜನವರಿಯಲ್ಲಿ ಕಣಿವೆ ಮತ್ತೆ ತುಂಬಿ ಕೋಡಿ ಬಿತ್ತು. ನೋಡೋಣ ಅಂತ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ತೋಟದ ಮೋಟ್ರು ಕೆಟ್ಟು ಕೂತಿತ್ತು, ಅಣ್ಣ ಯಾರಿಗೋ ಫೋನ್ ಮಾಡಿದ. ಬೈಕಲ್ಲಿ ಬಂದವನು ಅವನೇ, ನಮ್ಮ ರಾಮಾಚಾರಿ. ಐ.ಟಿ.ಐ. ಎಲೆಕ್ಟ್ರಿಕಲ್ ಓದ್ತಾ ಬಿಡುವಿನಲ್ಲಿ ಈ ಕೆಲಸ ಮಾಡ್ತಾನಂತೆ. ಈ ಸಲ ಗಡ್ಡ ನಿಜವಾಗ್ಲೂ ಬಂದಿತ್ತು. ಸ್ಟಾರ್ಟರ್ ಬಿಚ್ಚಿ ಹರಡಿಕೊಂಡು ಕೂತವನು ತಲೆ ಎತ್ತದೆ ಕೇಳಿದ.

"ಆ ಕಪ್ಪು ಡ್ರಾಯಿಂಗು ಎಲ್ಲೈತೆ ಮಿಸ್?"

"ಸ್ಕೂಲ್ ಬೀರುವಿನಲ್ಲಿ. ಬೇಕಾ?"

"ಬ್ಯಾಡ. ಮೂರನೇ ಲೈಟಿಗೆ ನೀಲಿ ಹಾಕಿಲ್ಲ ಅಂತ ಯಾರೋ ಹುಡುಗ್ರು ಈಗ ಹಾಕವ್ರಂತೆ. ಅಳಿಸ್ಬಿಡಾಕೆ ಹೇಳಿ ಮೇಷ್ಟ್ರಿಗೆ. ಅವತ್ತು ಹತ್ತಿರ್ಲಿಲ್ಲ ಅದು, ನಾಕು ಗಂಟೆ ತಂಕ."